ದುರ್ಗಾದೇವಿ ಬರ ಗವಿಯ ಸುಣ್ಣದಲ್ಲಿ ಸಿಕ್ಕಿದ್ದು ಹೇಗೆ

1396ರ ಸುಮಾರಿಗೆ ಶುರುವಾಗಿ ಹನ್ನೆರಡು ವರ್ಷ ದಖ್ಖನ್ ಸೀಮೆಯನ್ನು ಹಿಂಡಿತು ಎನ್ನುವ ದುರ್ಗಾದೇವಿ ಬರದ ಕಾಲದಲ್ಲಿ ಮಳೆ ಅಳೆದಿಟ್ಟವರು ಯಾರೂ ಇಲ್ಲ. ಉಳಿದಿರುವುದು ಜನರ ನೆನಪು, ಆಮೇಲೆ ಬರೆದಿಟ್ಟ ಮಾತು. ಆದರೆ ಛತ್ತೀಸಗಢದ ಬಸ್ತರ್ ಕಾಡಿನ ದಂಡಕ್ ಗವಿಯಲ್ಲಿ ಬೆಳೆದ ಒಂದು ಸ್ಟಾಲಗ್ಮೈಟ್ (ಸೂರಿನಿಂದ ಬೀಳುವ ಹನಿಯಿಂದ ಗವಿಯ ನೆಲದ ಮೇಲೆ ಬೆಳೆಯುವ ಸುಣ್ಣದ ಕಂಬ) ಇನ್ನೊಂದು ಸಾಕ್ಷಿ ಹೇಳಿತು. 2007ರಲ್ಲಿ ಪ್ರಕಟವಾದ ಆ ದಾಖಲೆ ಕ್ರಿ.ಶ. 600ರಿಂದ 1500ರವರೆಗಿನದು. ಹದಿನಾಲ್ಕನೇ ಶತಮಾನದ ನಡುವಿನಿಂದ ಹದಿನೈದನೆಯದರ ನಡುವಿನವರೆಗೆ ಮುಂಗಾರು ಪದೇ ಪದೇ ಸೊರಗಿದ್ದು ಅದರಲ್ಲಿ ಎದ್ದು ಕಾಣುತ್ತದೆ. ದುರ್ಗಾದೇವಿ ಬರ ಬೀಳುವುದು ಆ ನೂರು ವರ್ಷಗಳ ಒಳಗೇ.

ಕಲ್ಲು ಮಳೆಯ ಲೆಕ್ಕ ಇಡುವುದಿಲ್ಲ, ಅದು ಇಡುವುದು ಹನಿಯ ರಸಾಯನ. ಅದನ್ನು ಮಳೆ ಎಂದು ಓದುವುದು ನಾವು, ಎಡವುವುದೂ ಅಲ್ಲೇ.

ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಗಟ್ಟಿಯೂ ಸ್ಟಾಲಗ್ಮೈಟೂ ರಸಾಯನದಲ್ಲಿ ಅಣ್ಣತಮ್ಮಂದಿರು. ಮಳೆನೀರು ಮಣ್ಣಿನೊಳಗಿನ ಕಾರ್ಬನ್ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಸುಣ್ಣದಕಲ್ಲನ್ನು ಕರಗಿಸಿಕೊಂಡು ಬಿರುಕಿನಲ್ಲಿ ಇಳಿಯುತ್ತದೆ. ಗವಿಯ ಗಾಳಿಯಲ್ಲಿ ಆ ಅನಿಲ ಕಡಿಮೆ. ಹಾಗಾಗಿ ಹನಿಯಿಂದ ಅನಿಲ ಹೊರಗೆ ಹೋಗುತ್ತದೆ, ಹಿಡಿದಿಟ್ಟಿದ್ದ ಸುಣ್ಣ ಕ್ಯಾಲ್ಸೈಟ್ ಆಗಿ ಕೂರುತ್ತದೆ. ಹಂಡೆಯಲ್ಲಿ ಈ ಕೆಲಸ ಬೆಂಕಿಯದು, ಗವಿಯಲ್ಲಿ ಗಾಳಿಯದು.

ಕ್ಯಾಲ್ಸೈಟಿನ ಆಕ್ಸಿಜನ್ ಬಹುಮಟ್ಟಿಗೆ ಆ ನೀರಿನದೇ. ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳಿಗೆ ಐಸೊಟೋಪ್ ಎನ್ನುತ್ತಾರೆ: ಆಕ್ಸಿಜನ್-16 ಹಗುರ, ಆಕ್ಸಿಜನ್-18 ಭಾರ. ಮೋಡದಿಂದ ಭಾರದ್ದು ಮೊದಲು ಉದುರುತ್ತದೆ. ಮಳೆ ಹಿಡಿದು ಸುರಿದಷ್ಟೂ ಕೆಳಗೆ ಬೀಳುವ ನೀರಿನಲ್ಲಿ 18ರ ಪಾಲು ಇಳಿಯುತ್ತದೆ. ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಪಾಲು ಏರುತ್ತದೆ. ವ್ಯತ್ಯಾಸವನ್ನು ಸಾವಿರದಲ್ಲಿ ಎಷ್ಟು ಭಾಗ ಎಂದು ಎಣಿಸುತ್ತಾರೆ. ಗವಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಈ ಸಂಖ್ಯೆ ಸುಮಾರು 0.2 ಇಳಿಯುತ್ತದೆ. ನಮ್ಮ ಸೀಮೆಯಲ್ಲಿ, ಕಳೆದ ಒಂದೆರಡು ಸಾವಿರ ವರ್ಷಗಳ ಮಟ್ಟಿಗೆ, ಅದು ದೊಡ್ಡ ತಲೆನೋವಲ್ಲ.

ಯಾವ ಕಲ್ಲನ್ನು ಆರಿಸಬೇಕು? ಗವಿಯ ಬಾಯಿಂದ ದೂರದ, ಗಾಳಿಯಾಡದ, ತೇವಾಂಶ ಶೇಕಡಾ 95ಕ್ಕಿಂತ ಮೇಲಿರುವ ಕೋಣೆಯದು. ಬುಡದಿಂದ ತುದಿವರೆಗೆ ಒಂದೇ ದಪ್ಪದ, ಮೇಣದಬತ್ತಿಯಂಥ ಆಕಾರ ಒಳ್ಳೆಯದು. ಶಂಕುವಿನಂತೆ ಸಪೂರವಾಗುತ್ತಾ ಹೋಗಿದ್ದರೆ ಹನಿಯ ವೇಗ ಬದಲಾಗಿದೆ ಎಂದೇ ಅರ್ಥ. ಪ್ರವಾಹದ ಕೆಸರು ಹತ್ತುವ ತಗ್ಗಿನಲ್ಲಿರಬಾರದು. ದೀಪ ಹಚ್ಚಿ ಪೂಜೆ ಮಾಡುವ, ಜನ ಗುಂಪುಗೂಡುವ ಗವಿಯಾದರೆ ಮೇಲಿನ ಪದರಗಳಲ್ಲಿ ಮಸಿ ಇರುತ್ತದೆ, ಉಸಿರಿನಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಏರಿ ಬೆಳವಣಿಗೆಯೇ ಮಂದವಾಗಬಹುದು. ಸಾವಿರ ವರ್ಷ ಬೆಳೆದದ್ದನ್ನು ಮುರಿಯುವ ಮೊದಲು ತಾನಾಗಿ ಬಿದ್ದ ತುಂಡು ಸಿಗುತ್ತದೆಯೇ ನೋಡುವುದು ಮರ್ಯಾದೆ. ಆದರೆ ಬಿದ್ದ ತುಂಡಿನ ತುದಿ ಯಾವ ಕಾಲದ್ದೋ ಗೊತ್ತಿರುವುದಿಲ್ಲ. ಇನ್ನೂ ಹನಿ ಬೀಳುತ್ತಿರುವ ಕಲ್ಲಾದರೆ ತುದಿಯ ವರ್ಷ, ತಂದ ವರ್ಷ.

ಆ ಹನಿಯ ಕೆಳಗೆ ಒಂದು ಗಾಜಿನ ತಟ್ಟೆ ಇಟ್ಟು ಬರುವುದು ಅಗ್ಗದ, ಆದರೆ ಅತಿ ಉಪಯುಕ್ತ ಕೆಲಸ. ಅದರ ಮೇಲೆ ಕಟ್ಟಿದ ಹೊಸ ಕ್ಯಾಲ್ಸೈಟ್‌ಅನ್ನು ಅದೇ ಕಾಲದ ಹನಿನೀರಿನ ಜತೆ ಹೋಲಿಸಿದರೆ ಈ ಗವಿ ನಂಬಿಕಸ್ಥವೋ ಅಲ್ಲವೋ ಮೊದಲೇ ತಿಳಿಯುತ್ತದೆ.

ಪ್ರಯೋಗಾಲಯದಲ್ಲಿ ವಜ್ರದ ಹಲ್ಲಿನ ಗರಗಸದಿಂದ ಕಲ್ಲನ್ನು ನಟ್ಟನಡುವೆ ಸೀಳಿ ನಯಮಾಡುತ್ತಾರೆ. ಮೊದಲ ಪರೀಕ್ಷೆ ಎಕ್ಸ್‌ರೇಯಲ್ಲಿ: ಇದು ಕ್ಯಾಲ್ಸೈಟೋ, ಅದೇ ಸುಣ್ಣದ ಇನ್ನೊಂದು ಹರಳುರೂಪವಾದ ಅರಗೊನೈಟೋ? ಒಂದೇ ನೀರಿನಿಂದ ಹುಟ್ಟಿದರೂ ಅರಗೊನೈಟಿನ ಸಂಖ್ಯೆ 0.6ರಿಂದ 0.8ರಷ್ಟು ಮೇಲಿರುತ್ತದೆ. ಖನಿಜ ಬದಲಾದ ಜಾಗವನ್ನು ಗಮನಿಸದಿದ್ದರೆ ಇಲ್ಲದ ಬರವೊಂದು ಹುಟ್ಟಿಕೊಳ್ಳುತ್ತದೆ. ಆಮೇಲೆ ಅರ್ಧ ಮಿಲಿಮೀಟರ್ ಡ್ರಿಲ್ಲಿನಿಂದ ನಡುಗೆರೆಯುದ್ದಕ್ಕೂ ಪುಡಿ ತೆಗೆಯಬೇಕು. ಐಸೊಟೋಪಿಗೆ 50ರಿಂದ 100 ಮೈಕ್ರೊಗ್ರಾಂ ಸಾಕು. ಡ್ರಿಲ್ ನಿಧಾನವಾಗಿ ತಿರುಗಲಿ, ಬಿಸಿಗೆ ಅರಗೊನೈಟ್ ಕ್ಯಾಲ್ಸೈಟ್ ಆಗಿಬಿಡುತ್ತದೆ. ಪ್ರತಿ ರಂಧ್ರದ ನಂತರ ಮೊನೆ ತೊಳೆದು ಗಾಳಿ ಊದದಿದ್ದರೆ ಹಿಂದಿನ ವರ್ಷದ ಪುಡಿ ಮುಂದಿನದಕ್ಕೆ ಬೆರೆಯುತ್ತದೆ. ಪುಡಿಯನ್ನು ಫಾಸ್ಫಾರಿಕ್ ಆಮ್ಲದಲ್ಲಿ 70 ಡಿಗ್ರಿಯಲ್ಲಿ ಕರಗಿಸಿ, ಹೊರಬಿದ್ದ ಅನಿಲವನ್ನು ಐಸೊಟೋಪುಗಳನ್ನು ತೂಕದ ಮೇಲೆ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುತ್ತಾರೆ.

ಈಗ ಒಂದು ಸಣ್ಣ ಲೆಕ್ಕ. ವರ್ಷಕ್ಕೆ 0.1 ಮಿಲಿಮೀಟರ್ ಬೆಳೆಯುವ ಕಲ್ಲಿನಲ್ಲಿ ಅರ್ಧ ಮಿಲಿಮೀಟರ್ ಪುಡಿ ಎಂದರೆ ಐದು ವರ್ಷಗಳ ಮಿಶ್ರಣ. ಅದರ ಮೇಲೆ, ಹನಿಯಾಗುವ ಮೊದಲು ಹಲವು ವರ್ಷಗಳ ಮಳೆ ಬಂಡೆಯೊಳಗೇ ಬೆರೆತಿರುತ್ತದೆ. ಹೀಗಿರುವಾಗ ಒಂದು ವರ್ಷದ ಬರ, ಎಷ್ಟೇ ಘೋರವಾಗಿರಲಿ, ಇಲ್ಲಿ ಕಾಣುವುದಿಲ್ಲ. ಹನ್ನೆರಡು ವರ್ಷದ್ದು 1.2 ಮಿಲಿಮೀಟರ್ ಜಾಗ ಹಿಡಿಯುತ್ತದೆ, ಕಾಣುತ್ತದೆ. ಗವಿಗಳ ದಾಖಲೆಯಲ್ಲಿ ಸಿಗುವುದೆಲ್ಲ ದೀರ್ಘ ಬರಗಳೇ ಏಕೆ ಎಂದರೆ ಇದೇ ಕಾರಣ. ಹಿಂದಿನವರಿಗೆ ಸಣ್ಣ ಬರ ಬರುತ್ತಿರಲಿಲ್ಲ ಎಂದಲ್ಲ.

ಕಾಲ ನಿಗದಿಗೆ ಯುರೇನಿಯಂ-ಥೋರಿಯಂ ವಿಧಾನ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಬಹುಪಾಲು ಕರಗದು. ಆದ್ದರಿಂದ ಹೊಸ ಪದರದಲ್ಲಿ ಯುರೇನಿಯಂ ಮಾತ್ರ ಇರುತ್ತದೆ. ಆಮೇಲೆ ಅದು ಕ್ಷಯಿಸಿದಂತೆಲ್ಲ ಥೋರಿಯಂ-230 ಕೂಡುತ್ತಾ ಹೋಗುತ್ತದೆ. ಥೋರಿಯಂ-230ರ ಅರ್ಧಾಯು ಸುಮಾರು 75,600 ವರ್ಷ. ಹೀಗೆ ಸುಮಾರು ಆರು ಲಕ್ಷ ವರ್ಷಗಳವರೆಗೆ ಗಡಿಯಾರ ನಡೆಯುತ್ತದೆ. ಕಷ್ಟ ಇರುವುದು ಎಳೆಯ, ಕೊಳಕು ಕಲ್ಲುಗಳಲ್ಲಿ. ಮಣ್ಣಿನ ಕಣದ ಜತೆ ಬಂದ ಥೋರಿಯಂ ಇಲ್ಲದ ವಯಸ್ಸನ್ನು ಸೇರಿಸುತ್ತದೆ. ಒಂದು ಗ್ರಾಂ ಕಲ್ಲಿನಲ್ಲಿ 100 ನ್ಯಾನೊಗ್ರಾಂ ಯುರೇನಿಯಂ, ಮಣ್ಣಿನಿಂದ ಬಂದ 1 ನ್ಯಾನೊಗ್ರಾಂ ಥೋರಿಯಂ-232 ಇದೆ ಎನ್ನಿ. ಮಣ್ಣಿನ ಥೋರಿಯಂ-232ರ ಜತೆ ಎಷ್ಟು ಥೋರಿಯಂ-230 ಬಂದಿತ್ತು ಎಂಬುದಕ್ಕೆ ರೂಢಿಯಲ್ಲಿ ಬಳಸುವ ಆರಂಭಿಕ ಅನುಪಾತ (ಹತ್ತು ಲಕ್ಷಕ್ಕೆ 4.4, ಅದರಲ್ಲೇ ಅರ್ಧದಷ್ಟು ಅನುಮಾನ) ಹಿಡಿದರೆ ತೆಗೆದುಹಾಕಬೇಕಾದ ಸುಳ್ಳು ವಯಸ್ಸು ಸುಮಾರು 290 ವರ್ಷ. ತಿದ್ದಿದ ಮೇಲೂ ಆಚೀಚೆ 145 ವರ್ಷ ಉಳಿಯುತ್ತದೆ. ಅಂಥ ಕಲ್ಲನ್ನು ಹಿಡಿದು ಇದೇ ದುರ್ಗಾದೇವಿ ಬರ ಎಂದರೆ ಕಣಿ ಹೇಳಿದಂತೆ. ಯುರೇನಿಯಂ ಹತ್ತು ಪಟ್ಟು ಇದ್ದರೆ ಅದೇ ಅನುಮಾನ 15 ವರ್ಷಕ್ಕೆ ಇಳಿಯುತ್ತದೆ. ಅದಕ್ಕೇ ಕಂದು ಪದರ ಬಿಟ್ಟು, ಒತ್ತಾದ ಸ್ವಚ್ಛ ಪದರದಿಂದ 50ರಿಂದ 200 ಮಿಲಿಗ್ರಾಂ ಪುಡಿ ಆರಿಸುವುದು. ಮೇಲ್ಪದರಕ್ಕೆ ಇನ್ನೊಂದು ತಾಳೆ ಇದೆ. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ 1963ರ ಹೊತ್ತಿಗೆ ತುತ್ತತುದಿ ಮುಟ್ಟಿದ ಕಾರ್ಬನ್-14, ಕಲ್ಲಿನಲ್ಲೂ ತಡವಾಗಿ ಏರಿರುವುದು ಕಾಣಬೇಕು.

ಇಷ್ಟಾದರೂ ಆಕ್ಸಿಜನ್ ಒಂದನ್ನೇ ನಂಬಬಾರದು. ಬರದಲ್ಲಿ ನೀರು ಬಿರುಕುಗಳಲ್ಲಿ ತಡೆತಡೆದು ಇಳಿಯುತ್ತದೆ, ದಾರಿಯಲ್ಲೇ ಒಂದಷ್ಟು ಕ್ಯಾಲ್ಸೈಟ್ ಬಿಟ್ಟುಬರುತ್ತದೆ. ಉಳಿದ ನೀರಿನಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದರೆ ಮೆಗ್ನೀಸಿಯಂ, ಸ್ಟ್ರಾನ್ಷಿಯಂ ಎರಡೂ ಏರುತ್ತವೆ, ಕಾರ್ಬನ್-13 ಕೂಡ. ಇವೆಲ್ಲ ಒಟ್ಟಿಗೆ ಏರಿದರೆ ಬರ ಎನ್ನಲು ಧೈರ್ಯ ಬರುತ್ತದೆ. ಅದೇ ಗವಿಯ ಎರಡನೇ ಕಲ್ಲೂ ಅದನ್ನೇ ಹೇಳಿದರೆ ಇನ್ನೂ ಒಳ್ಳೆಯದು. ನನ್ನ ಮಟ್ಟಿಗೆ ಒಂದೇ ಕಲ್ಲಿನ ದಾಖಲೆ ಒಬ್ಬನೇ ಸಾಕ್ಷಿಯ ಮೊಕದ್ದಮೆ.

ಮೇಘಾಲಯದ ಮಾವ್ಮ್ಲುಹ್ ಗವಿಯ ಕಥೆ ನೋಡಿ. ಸುಮಾರು 4,200 ವರ್ಷಗಳ ಹಿಂದಿನ ಒಣಗಾಲದ ಗುರುತಾಗಿ ಅದರ ಒಂದು ಸ್ಟಾಲಗ್ಮೈಟನ್ನೇ ಆರಿಸಿ, 2018ರಲ್ಲಿ ಭೂವಿಜ್ಞಾನದ ಕಾಲಮಾನಕ್ಕೆ ‘ಮೇಘಾಲಯನ್’ ಎಂಬ ಹೆಸರು ಸೇರಿಸಿದರು. ಅದೇ ಗವಿಯಿಂದ ಆಮೇಲೆ ಬಂದ, ವರ್ಷ ವರ್ಷ ಬಿಡಿಸಿ ನೋಡಬಹುದಾದ ದಾಖಲೆಗಳಲ್ಲಿ ಆ ಒಣಗಾಲ ಒಂದೇ ಏಟಿಗೆ ಬಂದದ್ದಾಗಿ ಕಾಣಲಿಲ್ಲ. ಇದಲ್ಲದೆ ಚೆರ್ರಾಪುಂಜಿಯ ಮಗ್ಗುಲಿನ ಆ ಗವಿಯಲ್ಲಿ ಐಸೊಟೋಪ್ ಹೇಳುವುದು ಅಲ್ಲಿ ಎಷ್ಟು ಮಳೆ ಬಿತ್ತು ಎಂಬುದನ್ನಲ್ಲ. ತೇವ ಎಲ್ಲಿಂದ ಬಂತು, ದಾರಿಯಲ್ಲಿ ಎಷ್ಟು ಸುರಿಸಿಕೊಂಡು ಬಂತು ಎಂಬುದರ ಪಾಲೇ ಹೆಚ್ಚು.

ನಮ್ಮ ಕರ್ನಾಟಕದಲ್ಲಿ ಬಹುಪಾಲು ಗ್ರಾನೈಟ್, ನೈಸ್ ಬಂಡೆ. ಅದರಲ್ಲಿ ಇಂಥ ಗವಿ ಹುಟ್ಟದು. ಆದರೂ ಉತ್ತರ ಕನ್ನಡದ ಅಕಲಗವಿಯ ಸುಣ್ಣದ ಪದರಗಳಿಂದ 331 ವರ್ಷಗಳ ಮುಂಗಾರಿನ ಏರಿಳಿತ ಓದಿ 2004ರಲ್ಲಿ ಪ್ರಕಟಿಸಿದ್ದಾರೆ. ಘಟ್ಟದ ಮಳೆಗಾಲ, ಬೇಸಿಗೆ ಎರಡೂ ತೀಕ್ಷ್ಣವಾದ್ದರಿಂದ ಅಲ್ಲಿ ವರ್ಷಕ್ಕೊಂದು ಪದರ ಬಿಡಿಯಾಗಿ ಕಾಣುತ್ತದೆ, ಮರದ ಉಂಗುರ ಎಣಿಸಿದಂತೆ ಎಣಿಸಬಹುದು. ಎಣಿಕೆಯಲ್ಲೂ ಒಂದು ಮೋಸ ಉಂಟು: ಹನಿ ಪೂರ್ತಿ ನಿಂತುಹೋದ ವರ್ಷಕ್ಕೆ ಪದರವೇ ಇರುವುದಿಲ್ಲ. ಎಲ್ಲಕ್ಕಿಂತ ಕೆಟ್ಟ ಬರಗಾಲವೇ ಲೆಕ್ಕದಿಂದ ಜಾರಿಹೋಗುವುದು ಹೀಗೆ. ಅದಕ್ಕೇ ಪದರ ಎಣಿಸಿದ ಮೇಲೂ ಅಲ್ಲಲ್ಲಿ ಯುರೇನಿಯಂ-ಥೋರಿಯಂ ವಯಸ್ಸು ಹಾಕಿಸಿ, ಎರಡರ ನಡುವೆ ಎಷ್ಟು ವರ್ಷ ಕಾಣೆಯಾಗಿವೆ ಎಂದು ನೋಡಬೇಕು.