ಡಾನರ್ ಪಾಸ್‌ಗೆ ಹೋಗುವ ಮುಂಚೆ ಸ್ಯಾಕ್ರಮೆಂಟೊದಲ್ಲಿ ಇಳಿಯಿರಿ

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಿಂದ ಲೇಕ್ ಟಾಹೊಗೆ ಹೊರಡುವ ನಮ್ಮವರು ಸ್ಯಾಕ್ರಮೆಂಟೊದಲ್ಲಿ ಕಾಫಿ ಕುಡಿದು ಮುಂದೆ ಹೋಗಿಬಿಡುತ್ತಾರೆ. ಈ ಸಲ ಅಲ್ಲಿ ಎರಡು ಮೂರು ಗಂಟೆ ನಿಲ್ಲಿ. ಓಲ್ಡ್ ಸ್ಯಾಕ್ರಮೆಂಟೊದಲ್ಲಿರುವ ಕ್ಯಾಲಿಫೋರ್ನಿಯಾ ಸ್ಟೇಟ್ ರೈಲ್‌ರೋಡ್ ಮ್ಯೂಸಿಯಂನಲ್ಲಿ ಚೀನೀ ರೈಲು ಕೂಲಿಗಳ ಬಗ್ಗೆ ಒಂದು ಪ್ರದರ್ಶನ ಇದೆ. ಮೊದಲು ಅದು, ಆಮೇಲೆ ಆ ಕೂಲಿಗಳು ಸುರಂಗ ಕೊರೆದ ಡಾನರ್ ಪಾಸ್ ಬೆಟ್ಟ. ನಾವು ಹಾಗೇ ಮಾಡಿದೆವು. ಉಲ್ಟಾ ಮಾಡಿದರೆ ಮೇಲೆ ಬರೀ ಕಲ್ಲು ಕಾಣುತ್ತದೆ, ಅಷ್ಟೇ.

ಆಮ್‌ಟ್ರಾಕ್ ನಿಲ್ದಾಣದಿಂದ ಮ್ಯೂಸಿಯಂಗೆ ನಡೆದೇ ಹೋಗಬಹುದು. ಮಕ್ಕಳು ದೊಡ್ಡ ಇಂಜಿನ್‌ಗಳ ಕಡೆ ಓಡುತ್ತಾರೆ. ಒಬ್ಬರು ಅವರ ಜೊತೆ ಇರಲಿ, ಇನ್ನೊಬ್ಬರು ನಿಧಾನವಾಗಿ ಓದಲಿ, ಆಮೇಲೆ ಸರದಿ ಬದಲಾಯಿಸಿ. ಓದುವುದು ಜಾಸ್ತಿ ಇದೆ.

1863ರಲ್ಲಿ ಸೆಂಟ್ರಲ್ ಪೆಸಿಫಿಕ್ ಕಂಪನಿ ಅಮೆರಿಕದ ಪೂರ್ವ ಪಶ್ಚಿಮ ಜೋಡಿಸುವ ರೈಲು ದಾರಿಗಾಗಿ ಇದೇ ಊರಿಂದ ಪೂರ್ವಕ್ಕೆ ಕೆಲಸ ಶುರು ಮಾಡಿತು. ಕೆಲಸಕ್ಕೆ ಜನ ನಿಲ್ಲಲಿಲ್ಲ. ಬಂದವರು ನೆವಾಡಾದ ಬೆಳ್ಳಿ ಗಣಿಗಳ ಕಡೆ ಹೋಗಿಬಿಡುತ್ತಿದ್ದರು. ಆಗ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯವರನ್ನು ಸೇರಿಸಿಕೊಂಡರು. ಕೆಲಸ ಜೋರಾಗಿದ್ದಾಗ ಹತ್ತು ಸಾವಿರಕ್ಕೂ ಜಾಸ್ತಿ ಚೀನೀಯರಿದ್ದರು, ಅಂದರೆ ಹತ್ತು ಕೂಲಿಗಳಲ್ಲಿ ಸುಮಾರು ಒಂಬತ್ತು. ಬಿಳಿಯರಿಗೆ ಸಂಬಳದ ಜೊತೆ ಊಟ ವಸತಿ ಕೊಡುತ್ತಿದ್ದರು. ಇವರು ಕಡಿಮೆ ಸಂಬಳದಲ್ಲೇ ಅಕ್ಕಿ, ಚಹಾ, ಒಣಮೀನು ಕೊಂಡು ಅಡುಗೆ ಮಾಡಿಕೊಳ್ಳಬೇಕಿತ್ತು. 1867ರ ಜೂನ್‌ನಲ್ಲಿ ಸಮಾನ ಸಂಬಳ ಕೇಳಿ ಮುಷ್ಕರ ಹೂಡಿದರು. ಕಂಪನಿಯ ಚಾರ್ಲ್ಸ್ ಕ್ರಾಕರ್ ಬೆಟ್ಟದ ಮೇಲೆ ಆಹಾರ ಹೋಗುವುದನ್ನೇ ನಿಲ್ಲಿಸಿದ. ಸುಮಾರು ಒಂದು ವಾರದಲ್ಲಿ ಮುಷ್ಕರ ಮುಗಿಯಿತು.

ನನಗೆ ತಡೆಯಲಾಗದೆ ಹೋದದ್ದು ಹೆಸರುಗಳ ವಿಷಯ. ಸಂಬಳದ ಪುಸ್ತಕಗಳಲ್ಲಿ ಹೆಚ್ಚಾಗಿ ಇರುವುದು ಮೇಸ್ತ್ರಿಗಳ ಹೆಸರು. ಕೂಲಿ ತಾನೇ ಬರೆದ ಒಂದು ಕಾಗದವೂ ಇದುವರೆಗೆ ಸಿಕ್ಕಿಲ್ಲ. 1869ರ ಏಪ್ರಿಲ್ 28ರಂದು ಒಂದೇ ದಿನ ಹತ್ತು ಮೈಲಿ ಹಳಿ ಹಾಕಿದರು. ಹಳಿ ಎತ್ತಿಟ್ಟ ಎಂಟು ಐರಿಶ್ ಆಳುಗಳ ಹೆಸರು ದಾಖಲಾಗಿದೆ. ಅವತ್ತು ದುಡಿದ ನೂರಾರು ಚೀನೀಯರದ್ದು ಒಂದೂ ಇಲ್ಲ! ಮ್ಯೂಸಿಯಂನಲ್ಲಿ ಥಾಮಸ್ ಹಿಲ್ ಬಿಡಿಸಿದ, ಪೂರ್ವ ಪಶ್ಚಿಮದ ಹಳಿ ಕೂಡಿದ ಸಮಾರಂಭದ ದೊಡ್ಡ ಚಿತ್ರ ಇದೆ. ನಡುವೆ ಕೋಟು ಹಾಕಿದ ದೊಡ್ಡವರು. ಚೀನೀಯರನ್ನು ನೀವೇ ಹುಡುಕಿ.

ಅಲ್ಲಿಂದ ಐ-80 ಹೆದ್ದಾರಿ ಹಿಡಿದರೆ ಡಾನರ್ ಪಾಸ್‌ಗೆ ಟ್ರಾಫಿಕ್ ಇಲ್ಲದಾಗ ಒಂದೂವರೆ ಗಂಟೆ. ಸೋಡಾ ಸ್ಪ್ರಿಂಗ್ಸ್ ಎಕ್ಸಿಟ್ ತೆಗೆದುಕೊಂಡು ಹಳೇ ಹೈವೇ 40ರಲ್ಲಿ ಪೂರ್ವಕ್ಕೆ ಹೋಗಿ. ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಜೂನ್‌ನಲ್ಲೂ ಹಿಮ ಉಳಿದಿರಬಹುದು. ಏಳು ಸಾವಿರ ಅಡಿ ಎತ್ತರ, ಹಾಗಾಗಿ ವಯಸ್ಸಾದವರು ನಿಧಾನವಾಗಿ ನಡೆಯಲಿ. ನೀರು, ಜಾಕೆಟ್, ಜಾರದ ಶೂ ಇಟ್ಟುಕೊಳ್ಳಿ.

ಈ ಹಳೇ ಹೈವೇಯ ಸೇತುವೆ ಹತ್ತಿರ ನಿಂತು ಮೇಲೆ ನೋಡಿದರೆ ಎರಡು ಸುರಂಗಗಳ ನಡುವೆ ಒಂದು ಕಲ್ಲಿನ ಗೋಡೆ ಕಾಣುತ್ತದೆ. ಚೈನಾ ವಾಲ್ ಅಂತಾರೆ. ಗಾರೆ ಹಾಕದೆ, ಕೈಯಲ್ಲೇ ಜೋಡಿಸಿದ ಕಲ್ಲು. ಇದರ ಮೇಲೆ ನೂರಕ್ಕೂ ಹೆಚ್ಚು ವರ್ಷ ರೈಲು ಓಡಿದೆ. ಪಕ್ಕದ ಆರನೇ ಸುರಂಗ 1,659 ಅಡಿ ಉದ್ದ. ಗಟ್ಟಿ ಗ್ರಾನೈಟ್. ಸುತ್ತಿಗೆಯಿಂದ ಉಳಿ ಹೊಡೆದು, ತೂತಿಗೆ ಮದ್ದು ತುಂಬಿ ಸಿಡಿಸಿದರೂ ಒಂದೊಂದು ಕಡೆ ದಿನಕ್ಕೆ ಒಂದಡಿ ಸಾಗಿದರೆ ಹೆಚ್ಚು. ಬೇಗ ಮುಗಿಸಲು ಮೇಲಿಂದಲೂ ಬಾವಿ ತೋಡಿ ನಾಲ್ಕು ಮುಖಗಳಲ್ಲಿ ಕೊರೆದರು. 1866–67ರ ಚಳಿಗಾಲದಲ್ಲಿ ಹಿಮದ ಅಡಿಯಲ್ಲೇ ದಾರಿ ಕೊರೆದುಕೊಂಡು ಓಡಾಡಿದರು. ಹಿಮಕುಸಿತಕ್ಕೆ ಸಿಕ್ಕವರ ಲೆಕ್ಕ ಯಾರೂ ಸರಿಯಾಗಿ ಇಡಲಿಲ್ಲ.

1993ರಲ್ಲಿ ಇಲ್ಲಿನ ಹಳಿ ತೆಗೆದಮೇಲೆ ಸುರಂಗದೊಳಗೆ ಓಡಾಡುವವರು ತುಂಬಾ ಇದ್ದಾರೆ. ಆದರೆ ಜಾಗ ರೈಲ್ವೆ ಕಂಪನಿಯದು. ನಮ್ಮ ಎಡಕುಮೇರಿ ಹಳಿ ಚಾರಣದ ಥರಾನೇ, ಎಲ್ಲರೂ ಹೋಗ್ತಾರೆ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ. ಗೋಡೆ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ, ಅದು ಸಾಕು.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಕಾರಿಗಿಂತ ರೈಲು ಆರಾಮ. ಕ್ಯಾಲಿಫೋರ್ನಿಯಾ ಜೆಫಿರ್ ಸ್ಯಾಕ್ರಮೆಂಟೊದಿಂದ ಹಗಲಲ್ಲೇ ಬೆಟ್ಟ ಹತ್ತುತ್ತದೆ. ಅದು ಹೋಗುವುದು 1925ರ ಹೊಸ ಸುರಂಗದಲ್ಲಿ, ಹಾಗಾಗಿ ಚೈನಾ ವಾಲ್ ಸಿಗುವುದಿಲ್ಲ. ಎಡಗಡೆ ಕಿಟಕಿ ಹಿಡಿಯಿರಿ, ಸುರಂಗ ದಾಟಿದ ಮೇಲೆ ಡಾನರ್ ಸರೋವರ ಆ ಕಡೆಗೇ ಬರುತ್ತದೆ.