ಬಳೆಗೆ ಬೇಡದ ಫಾರಂ ಮೆಷಿನ್‌ಗೆ ಯಾಕೆ?

ಕಳೆದ ವರ್ಷ ಜುಲೈ 1, ಮಂಗಳವಾರ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೇಪರ್ ಕಪ್ ಮಾಡುವ ಕಂಪನಿಯ ಡೈರೆಕ್ಟರ್ ಒಬ್ಬರು ಫೈಲ್ ತಂದು ನನ್ನ ಮೇಜಿನ ಮೇಲಿಟ್ಟರು. "ಹೊಸ ಮೆಷಿನ್‌ಗೆ ಲೋನ್ ಆಗಿದೆ ಮೇಡಂ, ಆರ್‌ಒಸಿಗೆ ಹಾಕಬೇಕಂತೆ. ಅರ್ಜೆಂಟ್ ಏನಿಲ್ಲ, ದುಡ್ಡು ಬಂದಿದ್ದೇ 20ನೇ ತಾರೀಖು" ಅಂದರು. ಆರ್‌ಒಸಿ ಅಂದರೆ ಕಂಪನಿಗಳ ದಾಖಲೆ ಇಟ್ಟುಕೊಳ್ಳುವ ಸರ್ಕಾರಿ ಕಚೇರಿ.

ಸರಸ್ವತಿಪುರಂನ ಈ ಆಡಿಟರ್ ಆಫೀಸಿಗೆ ಸೇರಿ 11 ವರ್ಷ ಆಯಿತು. ಅರ್ಜೆಂಟ್ ಇಲ್ಲ ಅಂದ ಫೈಲನ್ನೇ ನಾನು ಮೊದಲು ಬಿಚ್ಚುವುದು. ಹೈಪೋತಿಕೇಶನ್ ಪತ್ರದ, ಅಂದರೆ ಮೆಷಿನ್ ಕಂಪನಿಯ ಹತ್ತಿರವೇ ಇಟ್ಟುಕೊಂಡು ಬ್ಯಾಂಕಿಗೆ ಅಡಮಾನ ಬರೆದುಕೊಟ್ಟ ಕಾಗದದ, ಕೊನೆಯ ಹಾಳೆ ತಿರುಗಿಸಿದೆ. ಸಹಿ, ಸೀಲು, ಕೆಳಗೆ ನೀಲಿ ಇಂಕಿನಲ್ಲಿ 3-6-2025.

ಲೆಕ್ಕ ಶುರುವಾಗುವುದು ಆ ಸಹಿಯ ದಿನದಿಂದ. ದುಡ್ಡು ಯಾವತ್ತು ಬಂತು ಅನ್ನುವುದು ಯಾರಿಗೂ ಬೇಡ. 2013ರ ಕಂಪನಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಸಿಎಚ್‌ಜಿ-1, ಅಂದರೆ ಅಡಮಾನ ನೋಂದಾಯಿಸುವ ಫಾರಂ, ಹಾಕಬೇಕು. ಅಂದರೆ ಗುರುವಾರವೇ ಕೊನೆ. ತಪ್ಪಿದರೆ 60ನೇ ದಿನದವರೆಗೆ ಜಾಸ್ತಿ ಫೀಸು ಕಟ್ಟಿ ಹಾಕಬಹುದು. ಅದೂ ದಾಟಿದರೆ ಇನ್ನೊಂದು 60 ದಿನ, ಆಗ ಸಾಲದ ಮೊತ್ತದ ಮೇಲೂ ಶೇಕಡಾ ಲೆಕ್ಕದಲ್ಲಿ ಫೀಸು ಬೀಳುತ್ತದೆ. ಮೊದಲು 300 ದಿನ ಟೈಮ್ ಇತ್ತು. 2018ರ ನವೆಂಬರ್‌ಗೆ ಆ ಆರಾಮ ಮುಗಿಯಿತು.

ರಾತ್ರಿ ಊಟ ಮಾಡುತ್ತಾ ಅಮ್ಮನ ಹತ್ತಿರ ಗೊಣಗಿದೆ. "ನನ್ನ ಬಳೆ ಗಿರವಿ ಇಟ್ಟಾಗ ಇದ್ಯಾವುದೂ ಇರಲಿಲ್ಲ ಅಲ್ವೇನೇ?" ಅಂದಳು.

ಒಳ್ಳೆ ಪ್ರಶ್ನೆ. ಅಮ್ಮ ಕಂಪನಿಯಲ್ಲ, ಅದು ಮೊದಲ ಮಾತು. ಜೊತೆಗೆ, ಬಳೆ ಬ್ಯಾಂಕಿನ ಕೈಯಲ್ಲೇ ಇದೆ. ಅದನ್ನೇ ಇನ್ನೊಬ್ಬರಿಗೆ ತೋರಿಸಿ ಮತ್ತೆ ಸಾಲ ತರಲು ಅಮ್ಮನಿಗೆ ಆಗುವುದಿಲ್ಲ. ಮೆಷಿನ್ ಹಾಗಲ್ಲ. ಶೆಡ್ಡಿನಲ್ಲಿ ಟಕಟಕ ಅಂತ ಕಪ್ ಉದುರಿಸುತ್ತಾ ನಿಂತಿರುತ್ತದೆ. ಯಾರ ಸಾಲ ಇದೆ ಅಂತ ಅದರ ಮೈಮೇಲೆ ಬರೆದಿರುತ್ತಾ? ಇನ್ನೊಂದು ಬ್ಯಾಂಕಿಗೆ ಗೊತ್ತಾಗಬೇಕಾದರೆ ಆರ್‌ಒಸಿಯ ರಿಜಿಸ್ಟರ್‌ನಲ್ಲೇ ಇರಬೇಕು. ಬೈಕಿನ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಇರುತ್ತದಲ್ಲ, ಅದೇ ಕಥೆ. ಹಾಕದೇ ಬಿಟ್ಟು ಕಂಪನಿ ಮುಳುಗಿತು ಅಂದುಕೊಳ್ಳಿ. ಮುಳುಗಿದ ಕಂಪನಿಯ ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಟರ್ ಆ ಅಡಮಾನವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಲ ಸಾಲವಾಗಿಯೇ ಉಳಿಯುತ್ತದೆ, ಆದರೆ ಬ್ಯಾಂಕು ಅಡಮಾನವಿಲ್ಲದೆ ಸಾಲ ಕೊಟ್ಟ ಮಿಕ್ಕವರ ಜೊತೆ ಸಾಲಿನಲ್ಲಿ ನಿಲ್ಲಬೇಕು.

ನನಗೆ ನಗು ಬರುವುದು ಇಲ್ಲೇ. ಕಳೆದುಕೊಳ್ಳುವುದು ಬ್ಯಾಂಕು, ಫಾರಂ ಹಾಕುವ ಜವಾಬ್ದಾರಿ ಮಾತ್ರ ಸಾಲ ತಗೊಂಡ ಕಂಪನಿಯದು. ಕಂಪನಿ ಹಾಕದಿದ್ದರೆ ಬ್ಯಾಂಕೇ ಹಾಕಬಹುದು ಅಂತ 78ನೇ ಸೆಕ್ಷನ್ ಹೇಳುತ್ತದೆ. ನಾನು ಕಂಡ ಹಾಗೆ ಅವರು ಸುಮ್ನೆ ನಮ್ಮ ಮುಖ ನೋಡುತ್ತಾ ಕೂರುವುದೇ ಜಾಸ್ತಿ.

ಫಾರಂಗೆ ಡೈರೆಕ್ಟರ್ ಜೊತೆ ಬ್ಯಾಂಕಿನವರ ಡಿಜಿಟಲ್ ಸಹಿಯೂ ಬೇಕು. ಹಳೆಯ ಮ್ಯಾನೇಜರ್‌ಗೆ ವರ್ಗ ಆಗಿತ್ತು. ಹೊಸಬರಿಗೆ ಆ ಸಹಿಯ ಟೋಕನ್, ಪೆನ್‌ಡ್ರೈವ್ ಥರದ್ದು, ಬಂದಿದ್ದೇ ಗುರುವಾರ ಮಧ್ಯಾಹ್ನ. ಲ್ಯಾಪ್‌ಟಾಪ್ ಹೊತ್ತುಕೊಂಡು ಆಟೋ ಹಿಡಿದು ಬ್ರಾಂಚಿಗೆ ಓಡಿದೆ. ನನ್ನ ಲ್ಯಾಪ್‌ಟಾಪಿನ ಒಂದು ಯುಎಸ್‌ಬಿ ಕಿಂಡಿ ಸತ್ತಿದೆ. ಇನ್ನೊಂದಕ್ಕೆ ಟೋಕನ್ ಚುಚ್ಚಿ, ಅಲ್ಲಾಡದ ಹಾಗೆ ಮ್ಯಾನೇಜರ್ ಅವರೇ ಬೆರಳಿನಲ್ಲಿ ಹಿಡಿದುಕೊಂಡು ಪಾಸ್‌ವರ್ಡ್ ಹೊಡೆದರು. ಸಂಜೆ 7:40ಕ್ಕೆ ಚಲನ್ ಬಂತು.

ಡೈರೆಕ್ಟರ್ ಹೊರಗೆ ಸ್ಕೂಟರ್ ಹತ್ತಿರ ಕಾಯುತ್ತಿದ್ದರು. ಲೋನ್ ತೀರಿದ ಮೇಲೆ ಇದನ್ನು ತೆಗೆಸಲು ಸಿಎಚ್‌ಜಿ-4 ಅಂತ ಇನ್ನೊಂದು ಫಾರಂ ಇದೆ, ಅದಕ್ಕೂ 30 ದಿನವೇ ಅಂತ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವರು ಹೆಲ್ಮೆಟ್ ಹಾಕಿಕೊಂಡಾಗಿತ್ತು.