ಪರಿಷೆ ದಾಟಿ ಹೋದ ಹಾಲು

2024 ನವೆಂಬರ್ 25, ಸೋಮವಾರ
ಬೆಂಗಳೂರು

ಇವತ್ತು ಕಡೇ ಕಾರ್ತೀಕ ಸೋಮವಾರ. ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ರಾಶಿ, ಕಿವಿ ಕಿತ್ತುಹೋಗುವಷ್ಟು ಪೀಪಿ ಸದ್ದು. ಹನುಮಂತನಗರದೊಳಕ್ಕೆ ಬರೋಕೆ ಒಬ್ಬ ಆಟೋದವನೂ ಒಪ್ಪಲಿಲ್ಲ. ಗೆಳತಿಯ ಅಮ್ಮ ಮುಂದೆ, ಐಸ್ ಪ್ಯಾಕ್ ಇಟ್ಟ ಡಬ್ಬಿ ಹಿಡಿದು ನಾನು ಹಿಂದೆ, ಜನರ ಮಧ್ಯೆ ನುಗ್ಗಿಕೊಂಡು ನ್ಯಾಷನಲ್ ಕಾಲೇಜ್ ಮೆಟ್ರೋವರೆಗೂ ನಡೆದೆವು. ಅಲ್ಲಿಂದ ಜಯನಗರದ ಆಸ್ಪತ್ರೆಗೆ. ಡಬ್ಬಿಯಲ್ಲಿ ಇದ್ದದ್ದು ಎದೆಹಾಲು. ಪ್ರತಿ ವರ್ಷ ಪರಿಷೆಗೆ ಹೋಗಿ ಬಸವಣ್ಣನಿಗೆ ಕೈಮುಗಿಯುವ ಅಮ್ಮ, ಇವತ್ತು ದೇವಸ್ಥಾನದ ಕಡೆ ತಿರುಗಿ "ಆಮೇಲೆ ಬರ್ತೀನಪ್ಪ" ಅಂದು ನಡೆದೇಬಿಟ್ಟರು.

ಗೆಳತಿಗೆ ಅವಳಿ ಹುಟ್ಟಿದ್ದು 30ನೇ ವಾರಕ್ಕೆ. ಹುಡುಗಿ 1,280 ಗ್ರಾಂ, ಹುಡುಗ 1,150. ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು 37 ವಾರ ತುಂಬುವ ಮುಂಚೆಯೇ ಹುಟ್ಟುತ್ತವೆ, ಆದರೆ 30 ಅಂದರೆ ತೀರಾ ಬೇಗ. ನೋವು ಶುರುವಾದ ಮೇಲೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವಷ್ಟು ಟೈಮ್ ಸಿಕ್ಕಿದ್ದು ಪುಣ್ಯ. ಅದು ತಾಯಿಗೆ ಕೊಡುವುದಾದರೂ ಮಕ್ಕಳ ಶ್ವಾಸಕೋಶ ಬಲಿಯಲಿ ಅಂತ. ಆದರೂ ಹುಡುಗನಿಗೆ ಟ್ಯೂಬ್ ಇಳಿಸಿ ಸರ್ಫ್ಯಾಕ್ಟಂಟ್ ಅನ್ನೋ, ಶ್ವಾಸಕೋಶ ಮುದುಡದಂತೆ ತಡೆಯುವ ಔಷಧಿ ಹಾಕಬೇಕಾಯಿತು. ಇಬ್ಬರಿಗೂ ಇನ್ನೂ ಹೆಸರಿಲ್ಲ. ಕಾಲಿನ ಪಟ್ಟಿಯ ಮೇಲೆ ಟ್ವಿನ್ 1, ಟ್ವಿನ್ 2 ಅಷ್ಟೇ.

ನಾನು ಗೆಳತಿಗೆ ಮಾಡಿಕೊಟ್ಟ ದೊಡ್ಡ ಉಪಕಾರ ಅಂದರೆ ಅವಳ ಫೋನ್ ಕಿತ್ತುಕೊಂಡಿದ್ದು. ನೆಂಟರ ಮೆಸೇಜ್ ನಿಲ್ಲುತ್ತಲೇ ಇರಲಿಲ್ಲ. "ಇವತ್ತು ತೂಕ ಎಷ್ಟು?" "ಒಂದು ಫೋಟೋ ಕಳ್ಸಮ್ಮ." ಮೊದಮೊದಲು ತೂಕ ಇಳಿಯುತ್ತಿತ್ತು. ಹುಟ್ಟಿದ ಮೇಲೆ ಮೈಯ ನೀರಿನಂಶ ಕಡಿಮೆಯಾಗಿ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ, ಬೇಗ ಹುಟ್ಟಿದವು ಇನ್ನೂ ಜಾಸ್ತಿ. ಅದನ್ನು ಇಪ್ಪತ್ತು ಜನ ನೆಂಟರಿಗೆ ವಿವರಿಸುತ್ತಾ ಕೂರುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಈಗ ಸಂಜೆ ಎಲ್ಲರಿಗೂ ಒಂದೇ ಮೆಸೇಜ್ ಹೋಗುತ್ತದೆ, ನನ್ನ ಕೈಯಿಂದ. ಒಬ್ಬ ದೊಡ್ಡಮ್ಮ ಮಾತ್ರ ನನ್ನನ್ನೂ ಬಿಡಲಿಲ್ಲ. "ಏಳು ತಿಂಗಳದ್ದು ಉಳಿಯುತ್ತೆ ಬಿಡು, ಎಂಟು ತಿಂಗಳದ್ದೇ ಕಷ್ಟ" ಅಂತ ಸಮಾಧಾನ ಹೇಳಿದರು. ಸುಳ್ಳು ಲೆಕ್ಕ. ಹೊಟ್ಟೆಯಲ್ಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗುವಿಗೆ ಒಳ್ಳೆಯದು. ಆದರೆ ಎಂಬತ್ತು ವರ್ಷದವರ ಹತ್ತಿರ ವಾದ ಮಾಡಿ ಏನು ಸಿಗುತ್ತೆ? "ಹೌದಮ್ಮ" ಅಂದೆ.

ನಿಜವಾದ ಜಗಳ ಇದ್ದದ್ದು ಮನೆಯೊಳಗೆ, ಬಾಣಂತನದ್ದು. ಬಾಣಂತಿ ಹೊಸ್ತಿಲು ದಾಟಬಾರದು, ಕಿವಿಗೆ ಬಟ್ಟೆ ಕಟ್ಟಿಕೊಂಡು ಬೆಚ್ಚಗೆ ಮಲಗಬೇಕು ಅಂತ ಅಮ್ಮ. ಮಕ್ಕಳೇ ಅಲ್ಲಿರುವಾಗ ಇಲ್ಲಿ ಮಲಗಿ ಏನು ಮಾಡಲಿ ಅಂತ ಇವಳು. ರಾತ್ರಿಯೂ ಎರಡು ಮೂರು ಗಂಟೆಗೊಮ್ಮೆ ಎದ್ದು ಹಾಲು ತೆಗೆಯಬೇಕು. ಬಾಟಲಿಯ ಮೇಲೆ ಹೆಸರು, ತಾರೀಖು, ಟೈಮ್ ಬರೆಯಬೇಕು. ಟೈಮ್ ಇಲ್ಲದ ಬಾಟಲಿಯನ್ನು ಸಿಸ್ಟರ್ ತಗೊಳ್ಳುವುದೇ ಇಲ್ಲ. ಇಷ್ಟರ ಮೇಲೆ ದಿನಾ ಬಂದು ಮಗುವನ್ನು ಎದೆಗೆ ಅಂಟಿಸಿಕೊಂಡು ಕೂರಿ ಅಂತ ಡಾಕ್ಟರ್ ಬೇರೆ ಹೇಳಿದ್ದರು. ಅದಕ್ಕೆ ಕಾಂಗರೂ ಕೇರ್ ಅನ್ನುತ್ತಾರೆ. ಇನ್‌ಕ್ಯುಬೇಟರ್ ಸಾಲದ ಒಂದು ಆಸ್ಪತ್ರೆಯಲ್ಲಿ ಶುರುವಾದದ್ದು ಅದು, 1978ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ. ಆಗ ಬೇರೆ ದಾರಿ ಇರಲಿಲ್ಲ, ಈಗ ಯಂತ್ರ ಇರುವ ಕಡೆಯೂ ಮಾಡಿಸುತ್ತಾರೆ.

ಇವತ್ತು ಇವಳಿಗೆ ಹೊಲಿಗೆ ನೋವು, ಮನೆಯಲ್ಲೇ ಉಳಿದಳು. ಅಮ್ಮನನ್ನು ನೋಡಿ ಸಿಸ್ಟರ್ ಕೇಳಿದರು, "ಅಜ್ಜಿ, ನೀವೇ ಕೂತ್ಕೊತೀರಾ?" ಅಜ್ಜಿಯೂ ಮಾಡಬಹುದು, ಅಪ್ಪನೂ ಮಾಡಬಹುದು. ಅಮ್ಮ ಸರ, ಬಳೆ ಬಿಚ್ಚಿ ನನ್ನ ಕೈಗಿಟ್ಟರು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು. ಗೌನ್ ಹಾಕಿಕೊಂಡು ಒರಗು ಕುರ್ಚಿಯಲ್ಲಿ ಕೂತರು. ನಾನು ಗಾಜಿನಾಚೆ. ಟೋಪಿ, ಕಾಲುಚೀಲ, ಡೈಪರ್ ಬಿಟ್ಟರೆ ಬರೀ ಮೈಯಲ್ಲಿದ್ದ ಹುಡುಗಿಯನ್ನು ಅವರ ಎದೆಯ ಮೇಲೆ ಬೋರಲು ಮಲಗಿಸಿ, ತಲೆ ಒಂದು ಪಕ್ಕಕ್ಕೆ ಹೊರಳಿಸಿ, ಬಟ್ಟೆ ಸುತ್ತಿದರು. ಹಾಗೆ ಇರುವಾಗಲೇ ಹಾಲೂ ಆಯಿತು. ಪಿಸ್ಟನ್ ತೆಗೆದ ಸಿರಿಂಜ್ ಎತ್ತಿ ಹಿಡಿದರೆ ಹಾಲು ತನ್ನಷ್ಟಕ್ಕೆ ಟ್ಯೂಬಿನಲ್ಲಿ ಇಳಿದು ಹೊಟ್ಟೆಗೆ ಹೋಗುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳಲು ಬಸಿರಿನ ಲೆಕ್ಕದಲ್ಲಿ 34 ವಾರದ ಹತ್ತಿರ ಆಗಬೇಕು, ಅಲ್ಲಿವರೆಗೆ ಹೀಗೇ.

ಒಂದು ಗಂಟೆ ಅಮ್ಮ ಅಲುಗಾಡಲಿಲ್ಲ. ಹೊರಗೆ ಬಂದವರೇ "ಕೋಳಿ ಕಾವಿಗೆ ಕೂತಂಗೇ ಅಲ್ವೇನೆ ಇದು? ಮೊದಲೇ ಹೇಳಬಾರದಾ?" ಅಂತ ನನ್ನ ಮೇಲೇ ರೇಗಿದರು. ನಾವು ಹೇಳಿದ್ದು ಎಷ್ಟು ಸಲ! ಮನೆಗೆ ಬಂದು ಮಗಳಿಗೆ ಅವರೇ ಅಂದರು, "ನಾಳೆಯಿಂದ ನೀನೂ ಹೋಗು. ಕಿವಿಗೆ ಮಾತ್ರ ಸ್ಕಾರ್ಫ್ ಕಟ್ಕೊ."

ಗುರುವಾರ ಕಣ್ಣಿನ ಡಾಕ್ಟರ್ ಬರುತ್ತಾರೆ. 34 ವಾರದೊಳಗೆ ಹುಟ್ಟಿದ, ಅಥವಾ ಎರಡು ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ತಿಂಗಳು ತುಂಬುವುದರೊಳಗೆ ರೆಟಿನಾ, ಅಂದರೆ ಕಣ್ಣಿನ ಒಳಪದರ, ನೋಡಿಸಲೇಬೇಕು. ಅದರ ರಕ್ತನಾಳ ಇನ್ನೂ ಬೆಳೆಯುತ್ತಿರುತ್ತದೆ. ಅಡ್ಡಾದಿಡ್ಡಿ ಬೆಳೆದರೆ ಲೇಸರ್ ಮಾಡಬಹುದು, ತಡವಾದರೆ ಕಣ್ಣೇ ಹೋಗಬಹುದು. ಮಗು ಜೋರಾಗಿ ಅಳುತ್ತದೆ, ತಾಯಿ ಹತ್ತಿರ ಇರದಿದ್ದರೆ ವಾಸಿ ಅಂತ ಸಿಸ್ಟರ್ ಅಂದಿದ್ದಾರೆ. ಅಷ್ಟು ಹೊತ್ತು ಇವಳನ್ನು ಕಾಫಿಗೆ ಕರೆದುಕೊಂಡು ಹೋಗೋಣ ಅಂತ ನನ್ನ ಪ್ಲಾನ್. ಇವಳು ಬಾಗಿಲು ಬಿಟ್ಟು ಕದಲಲ್ಲ, ಗೊತ್ತು. ಅವಳ ಗಂಡನಿಗೆ ಅವತ್ತು ರಜೆ ಸಿಗುವ ಹಾಗಿಲ್ಲ. ನಾನು ನನ್ನ ಆಫೀಸಿಗೆ ಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.